ಎಂಜಲು ಹೇಳುವ ಸುದ್ದಿ

ನಮ್ಮಲ್ಲಿ ಎಂಜಲನ್ನು ದೂರವಿಟ್ಟಷ್ಟು ಬೇರೆ ಯಾವುದನ್ನೂ ದೂರವಿಟ್ಟಿಲ್ಲ. ಎಂಜಲೆಲೆ, ಎಂಜಲ ಲೋಟ, ಎಂಜಲ ಕೈ, ಎಲ್ಲಕ್ಕೂ ಮಡಿಯ ಕಟ್ಟುಪಾಡು. ಆ ಬಾಯಿನೀರನ್ನೇ ವಿಜ್ಞಾನಿಗಳು ಈಗ ನಳಿಕೆಯಲ್ಲಿ ಹಿಡಿದು ಜೋಪಾನ ಮಾಡುತ್ತಿದ್ದಾರೆ. ಬಾಯಿ ಕ್ಯಾನ್ಸರಿನ ಸುಳಿವು ಅದರಲ್ಲಿ ಸಿಕ್ಕೀತೆಂಬ ಆಸೆ ಅವರದು.

ಈ ರೋಗದ ಬೇರು ನಮ್ಮ ತಾಂಬೂಲದ ತಟ್ಟೆಯಲ್ಲಿದೆ ಎಂಬುದು ಹೊಸ ಮಾತಲ್ಲ. ತಿರುವಾಂಕೂರಿನಲ್ಲಿ ಎಲೆಅಡಿಕೆ ಹಾಕುವವರ ಬಾಯಿ ಕ್ಯಾನ್ಸರನ್ನು ಕುರಿತು ಐ.ಎಂ. ಓರ್ 1933ರಲ್ಲಿಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಹೊಗೆಸೊಪ್ಪು ಬೆರೆತ ಎಲೆಅಡಿಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಸಾರಿತು. 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಯುವ ನಾಡಿಗೆ ನುಂಗಲಾರದ ಮಾತು ಅದು.

ಯಲಹಂಕದ ನಮ್ಮ ದೊಡ್ಡಪ್ಪ ಎಲೆಅಡಿಕೆಗೆ ಸುಣ್ಣ, ಕಡ್ಡಿಪುಡಿ ಸೇರಿಸಿ ದವಡೆಗೆ ಒತ್ತಿದರೆಂದರೆ ಮಧ್ಯಾಹ್ನದವರೆಗೆ ಮಾತಿಲ್ಲ. ಕೆನ್ನೆಯೊಳಗೆ ಎದ್ದ ಬಿಳಿ ಮಚ್ಚೆ ನೋಯಲಿಲ್ಲ. ನೋಯದ್ದನ್ನು ಯಾರು ತಾನೇ ವೈದ್ಯರಿಗೆ ತೋರಿಸುತ್ತಾರೆ? ನೋವು ಶುರುವಾಗಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು.

ನೋವಿಗೂ ಮೊದಲೇ ಉಗುಳು ಸುದ್ದಿ ಹೇಳಬಲ್ಲುದೆ? ಕ್ಯಾನ್ಸರ್ ಜೀವಕೋಶದ ಊಟದ ರೀತಿಯೇ ಬೇರೆ. ಆಮ್ಲಜನಕ ಸಾಕಷ್ಟಿದ್ದರೂ ಅದು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದನ್ನು ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲಿ ಕಂಡುಕೊಂಡರು. ಜೀವಕೋಶದ ಇಂಥ ಅಡುಗೆಯಲ್ಲಿ ಹುಟ್ಟುವ ಸಣ್ಣಪುಟ್ಟ ರಾಸಾಯನಿಕಗಳೇ ಮೆಟಬೊಲೈಟ್‌ಗಳು. ಜಪಾನಿನ ಸುಗಿಮೊಟೊ ಮತ್ತು ಸಂಗಡಿಗರು 215 ಜನರ ಜೊಲ್ಲನ್ನು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದರು. ಅವರಲ್ಲಿ 69 ಮಂದಿ ಬಾಯಿ ಕ್ಯಾನ್ಸರಿನ ರೋಗಿಗಳು. ಅವರ ಜೊಲ್ಲಿನಲ್ಲಿ ಪುಟ್ರೆಸಿನ್ ಮೊದಲಾದ ಹಲವು ವಸ್ತುಗಳು ಹೆಚ್ಚಾಗಿದ್ದವು. ಆದರೆ ಊಟ, ಹೊತ್ತು, ವಸಡಿನ ರೋಗ ಇವೆಲ್ಲವೂ ಜೊಲ್ಲನ್ನು ಬದಲಿಸುತ್ತವೆ. ಆದ್ದರಿಂದ ಕೊನೆಯ ತೀರ್ಪು ಇಂದಿಗೂ ಹುಣ್ಣಿನ ಚೂರು ತೆಗೆದು ನೋಡುವ ಬಯಾಪ್ಸಿಯದೇ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಯಶವಂತಪುರದ ಕೆಎಲ್‌ಇ ದಂತ ಕಾಲೇಜಿನ ಡಾ. ಪ್ರವೀಣ್ ಬೀರೂರ್ ಮತ್ತು ಸಂಗಡಿಗರು ಮೊಬೈಲ್ ಫೋನನ್ನೇ ಉಪಕರಣ ಮಾಡಿಕೊಂಡರು. ಆರೋಗ್ಯ ಕಾರ್ಯಕರ್ತರು ಜನರಿದ್ದಲ್ಲಿಗೇ ಹೋಗಿ ಬಾಯಿಯ ಚಿತ್ರ ತೆಗೆದು ಕಳಿಸುವುದು, ದೂರದ ತಜ್ಞರು ನೋಡಿ ಹೇಳುವುದು. ಇದರ ವರದಿ 2015ರಲ್ಲಿ ಪ್ರಕಟವಾಯಿತು. ಬಾಯನ್ನು ಬರಿಗಣ್ಣಿನಲ್ಲಿ ತಪಾಸಣೆ ಮಾಡಿದರೂ ತಂಬಾಕು, ಮದ್ಯ ಬಳಸುವವರಲ್ಲಿ ಸಾವು ಕಡಿಮೆಯಾಗುತ್ತದೆಂದು ಕೇರಳದ ದೊಡ್ಡ ಅಧ್ಯಯನವೊಂದು 2005ರಲ್ಲೇ ತೋರಿಸಿತ್ತು.

ಜೊಲ್ಲಿನ ಪರೀಕ್ಷೆ ಬರುವಾಗ ಬರಲಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲದಿದ್ದರೂ ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆಯಿರಿ. ಮನೆಯ ಹಿರಿಯರು ಒಪ್ಪದಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.