ಈಮ್: ಬಾಗಿಲು ಹಾಕಿಕೊಂಡ ಊರು

ಇಂಗ್ಲೆಂಡಿನ ಹಳ್ಳಿಯ ಚರಿತ್ರೆ ತಿಳಿಯಬೇಕಾದರೆ ಮೊದಲು ‘ಪ್ಯಾರಿಷ್’ ಎಂಬ ಮಾತನ್ನು ಅರ್ಥಮಾಡಿಕೊಳ್ಳಬೇಕು. ಒಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಅವನ ಹೊಣೆಗೆ ಸೇರಿದ ಊರು ಮತ್ತು ಹೊಲಗದ್ದೆಗಳು, ಇಷ್ಟೂ ಕೂಡಿದರೆ ಪ್ಯಾರಿಷ್. ಪ್ರತಿಯೊಂದು ಪ್ಯಾರಿಷ್ ತನ್ನ ಜನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ರಾಜರ ಚರಿತ್ರೆಯಲ್ಲಿ ಸಿಗದ ದರ್ಜಿ, ರೈತ, ಗಣಿ ಕೂಲಿಗಳ ಹೆಸರು ನಮಗೆ ಸಿಗುವುದು ಈ ಪುಸ್ತಕಗಳಲ್ಲೇ.

ಡರ್ಬಿಷೈರಿನ ಗುಡ್ಡಗಳ ನಡುವೆ ಈಮ್ ಎಂಬ ಹಳ್ಳಿಯಿದೆ. ಸುತ್ತ ಸೀಸದ ಗಣಿಗಳಿದ್ದ ಊರು. 1665ರಲ್ಲಿ ಲಂಡನ್ನಿನಿಂದ ಇಲ್ಲಿನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟು ಬಂತು. ಅದನ್ನು ಬಿಚ್ಚಿದ ಜಾರ್ಜ್ ವಿಕರ್ಸ್‌ನನ್ನು ಹೂಳಿದ್ದು ಸೆಪ್ಟೆಂಬರ್ 7ರಂದು. ಬಟ್ಟೆಯ ಜೊತೆ ಪ್ಲೇಗಿನ ಚಿಗಟಗಳೂ ಬಂದಿದ್ದವು ಎಂದು ಈಗ ಭಾವಿಸಲಾಗುತ್ತದೆ. ಆಗ ಯಾರಿಗೂ ಇದು ತಿಳಿಯುವಂತಿರಲಿಲ್ಲ. ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದ್ದೇ 1894ರಲ್ಲಿ!

ಚಳಿಗಾಲದಲ್ಲಿ ತಗ್ಗಿದ್ದ ರೋಗ 1666ರ ಬೇಸಗೆಯಲ್ಲಿ ಮತ್ತೆ ಭುಗಿಲೆದ್ದಿತು. ಪಾದ್ರಿ ವಿಲಿಯಂ ಮಾಂಪೆಸನ್ ಊರಿಗೆ ಹೊಸಬ, ಜನರ ವಿಶ್ವಾಸ ಅವನಿಗಿನ್ನೂ ಪೂರ್ತಿ ಸಿಕ್ಕಿರಲಿಲ್ಲ. ವಿಶ್ವಾಸವಿದ್ದದ್ದು ಥಾಮಸ್ ಸ್ಟಾನ್ಲಿಯ ಮೇಲೆ. 1662ರ ಧಾರ್ಮಿಕ ಕಾಯಿದೆಗೆ ಒಪ್ಪದೆ ಹುದ್ದೆ ಕಳೆದುಕೊಂಡಿದ್ದ ಹಳೆಯ ಪಾದ್ರಿ ಆತ. ಪಂಥ ಬೇರೆಯಾದರೂ ಇಬ್ಬರೂ ಕೂಡಿ ಜನರನ್ನು ಒಪ್ಪಿಸಿದರು. ಊರಿನ ಗಡಿ ದಾಟಿ ಯಾರೂ ಹೋಗಕೂಡದು, ಚರ್ಚು ಮುಚ್ಚಬೇಕು, ಪ್ರಾರ್ಥನೆ ಬಯಲಿನಲ್ಲಿ ನಡೆಯಬೇಕು, ಅವರವರ ಹೆಣವನ್ನು ಅವರವರೇ ಹೂಳಬೇಕು.

ಹೊರಗಿನವರು ಗಡಿಯಲ್ಲಿ ಆಹಾರ ಇಟ್ಟು ಹೋಗುತ್ತಿದ್ದರು. ಗಡಿಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ ಹಳ್ಳಿಯವರು ನಾಣ್ಯ ಹಾಕುತ್ತಿದ್ದರು. ಆ ಕಲ್ಲು ಇಂದಿಗೂ ಇದೆ. ಎಲಿಜಬೆತ್ ಹ್ಯಾಂಕಾಕ್ ಎಂಬಾಕೆ ಆ ಆಗಸ್ಟಿನಲ್ಲಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಮನೆಯ ಬಳಿಯ ಹೊಲದಲ್ಲಿ ತಾನೇ ಹೂಳಿದಳು. ನವೆಂಬರಿನ ಹೊತ್ತಿಗೆ ಸತ್ತವರ ಲೆಕ್ಕ ಸುಮಾರು 260.

ಈ ತ್ಯಾಗ ಎಲ್ಲರಿಗೂ ಒಂದೇ ಸಮನಾಗಿತ್ತೆ? ಇರಲಿಲ್ಲ. ಅನುಕೂಲವಿದ್ದ ಕೆಲವರು ಮೊದಲೇ ಊರು ಬಿಟ್ಟಿದ್ದರು. ಮಾಂಪೆಸನ್ ಕೂಡ ತನ್ನಿಬ್ಬರು ಮಕ್ಕಳನ್ನು ಗಡಿ ಮುಚ್ಚುವ ಮುನ್ನ ಯಾರ್ಕ್‌ಷೈರಿಗೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಮಾತ್ರ ಹೋಗಲೊಪ್ಪದೆ ಉಳಿದಳು, ಆಗಸ್ಟಿನಲ್ಲಿ ತೀರಿಕೊಂಡಳು. ಚರಿತ್ರೆಯ ವಿದ್ಯಾರ್ಥಿಗಳು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಮುಂದೆ ಮಾಂಪೆಸನ್ನನಿಗೆ ನಾಟಿಂಗ್‌ಹ್ಯಾಂಷೈರಿನ ಈಕ್‌ರಿಂಗ್ ಪ್ಯಾರಿಷ್ ಸಿಕ್ಕಿತು. ಪ್ಲೇಗಿನ ಊರಿನಿಂದ ಬಂದವನೆಂದು ಅಲ್ಲಿನ ಜನ ಹೆದರಿದರು, ಹಾಗಾಗಿ ಕೆಲಕಾಲ ಆತ ಊರ ಹೊರಗೊಂದು ಗುಡಿಸಲಿನಲ್ಲಿ ಇರಬೇಕಾಯಿತು ಎಂದು ಹೇಳುತ್ತಾರೆ.