ಬೂದಿಯ ಮೇಲೆ ಬಿದ್ದ ಮಳೆ

ಅಗ್ನಿಪರ್ವತವೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಬೆಂಕಿ. ಆದರೆ ಬೆಂಕಿಯಾರಿದ ಮೇಲೆ, ಪರ್ವತವು ಶಾಂತವಾಯಿತೆಂದು ಜನರು ಮನೆಗಳಿಗೆ ಹಿಂದಿರುಗಿದ ಮೇಲೆ, ಮಳೆಯ ಮೂಲಕ ಬರುವ ವಿಪತ್ತೊಂದುಂಟು. ಜಾವಾ ದ್ವೀಪದವರು ಇದನ್ನು ‘ಲಾಹಾರ್’ ಎನ್ನುತ್ತಾರೆ. ಆ ಹೆಸರೇ ಈಗ ಶಾಸ್ತ್ರಜ್ಞರಲ್ಲೆಲ್ಲ ರೂಢಿಯಾಗಿದೆ. ನಾವು ಕೆಸರುಹೊನಲು ಎಂದು ಕರೆಯೋಣ. ಇದರ ಸ್ವಭಾವವನ್ನು ತಿಳಿಯುವುದಕ್ಕೆ ಫಿಲಿಪೈನ್ ದ್ವೀಪಗಳ ಪಿನಾಟುಬೊ ಪರ್ವತದ ಚರಿತ್ರೆಯು ಬಹಳ ಸಹಾಯಕವಾಗಿದೆ.

ಲೂಜಾನ್ ದ್ವೀಪದಲ್ಲಿರುವ ಈ ಪರ್ವತವು ಸುಮಾರು 500 ವರ್ಷ ನಿದ್ರಿಸಿ 1991ರಲ್ಲಿ ಎಚ್ಚೆತ್ತಿತು. ಶಾಸ್ತ್ರಜ್ಞರು ಮುಂಚಿತವಾಗಿ ಎಚ್ಚರಿಕೆ ಕೊಟ್ಟುದರಿಂದ ಹತ್ತಾರು ಸಾವಿರ ಜನರು ಸ್ಥಳ ಬಿಟ್ಟು ಪ್ರಾಣ ಉಳಿಸಿಕೊಂಡರು. ಜೂನ್ 15ರಂದು ಮಹಾಸ್ಫೋಟವಾಯಿತು. ಅದೇ ದಿನ ಯುನ್ಯಾ ಎಂಬ ಚಂಡಮಾರುತವೂ ಬಂದೊದಗಿತು. ಮಳೆಯಲ್ಲಿ ನೆನೆದ ಬೂದಿಯ ಭಾರವನ್ನು ತಾಳಲಾರದೆ ಮನೆಗಳ ಮಾಡುಗಳು ಕುಸಿದವು. ಆ ದಿನ ಮಡಿದವರಲ್ಲಿ ಹೆಚ್ಚಿನವರು ಹೀಗೆಯೇ ಮಡಿದರು. ಬೂದಿಯೂ ನೀರೂ ಕೂಡಿದರೆ ಏನಾದೀತೆಂಬುದಕ್ಕೆ ಇದು ಮೊದಲ ಸೂಚನೆ.

ಇಳಿಜಾರುಗಳಲ್ಲಿಯೂ ಕಣಿವೆಗಳಲ್ಲಿಯೂ 5ರಿಂದ 6 ಘನ ಕಿಲೋಮೀಟರಿನಷ್ಟು ಕಾದ ಬೂದಿ, ಮರಳು, ಹಗುರವಾದ ಕಲ್ಲುಗಳು ರಾಶಿಬಿದ್ದವು. ನೀರನ್ನು ತಡೆದು ನಿಲ್ಲಿಸತಕ್ಕ ಕಾಡು ನಾಶವಾಗಿತ್ತು. ನುಣ್ಣನೆಯ ಬೂದಿಯ ಪದರವು ಮಳೆನೀರನ್ನು ಒಳಕ್ಕೆ ಇಳಿಯಗೊಡದು. ಆದುದರಿಂದ ಬಿರುಮಳೆ ಸುರಿದೊಡನೆ ನೀರು ಮೇಲ್ಗಡೆಯೇ ಹರಿದು, ಸಡಿಲವಾದ ರಾಶಿಯನ್ನು ಕೊರೆದು, ಮುಂದುವರಿದಷ್ಟೂ ದಪ್ಪವಾಗುತ್ತ ಹೋಗುವುದು. ಕಡೆಗೆ ಅದರಲ್ಲಿ ನೀರಿಗಿಂತ ಮಣ್ಣುಕಲ್ಲುಗಳೇ ಅಧಿಕ. ಕಲಸಿದ ಗಾರೆಯಂತಿರುವ ಈ ಹೊನಲು ಬಂಡೆಗಳನ್ನು ಹೊತ್ತು ತರುತ್ತದೆ, ಸೇತುವೆಗಳನ್ನು ಕಿತ್ತೊಯ್ಯುತ್ತದೆ, ಬಯಲನ್ನು ಸೇರಿದಾಗ ವೇಗ ತಗ್ಗಿ, ತಂದುದನ್ನೆಲ್ಲ ನದಿಯ ಪಾತ್ರದಲ್ಲಿ ಇಳಿಸುತ್ತದೆ. ಪಾತ್ರವು ತುಂಬಿದ ಬಳಿಕ ಮುಂದಿನ ಹೊನಲಿಗೆ ಊರೇ ದಾರಿ. ನೆರೆಯ ನೀರು ಬಂದು ಇಳಿದುಹೋಗುತ್ತದೆ. ಇದಾದರೋ ಅಲ್ಲಿಯೇ ನಿಂತು ನೆಲವಾಗುತ್ತದೆ.

ಪಾಂಪಾಂಗ ಪ್ರಾಂತದ ಬಾಕೊಲೋರ್ ಪಟ್ಟಣದ ಗತಿ ಇದೇ ಆಯಿತು. 1762ರಲ್ಲಿ ಮದರಾಸಿನಿಂದ ಹೊರಟ ಇಂಗ್ಲಿಷರ ದಂಡು ಮನಿಲಾ ನಗರವನ್ನು ಹಿಡಿದಾಗ, ಸ್ಪೇನಿನವರ ಸರ್ಕಾರವು ಆಶ್ರಯ ಪಡೆದುದು ಈ ಪುರಾತನ ಪಟ್ಟಣದಲ್ಲಿ. ಸ್ಫೋಟದ ತರುವಾಯ ಪ್ರತಿ ಮಳೆಗಾಲದಲ್ಲಿಯೂ ಪರ್ವತದ ನದಿಗಳಲ್ಲಿ ಕೆಸರು ಬಂದಿತು. 1993ರಲ್ಲಿ ಮೇಲ್ಭಾಗದ ರಾಶಿಯು ಕುಸಿದು, ಸಕೋಬಿಯಾ ನದಿಯ ತಲೆಗಾಲುವೆಗಳು ಬಾಕೊಲೋರಿನತ್ತ ಹರಿಯುವ ಪಾಸಿಗ್-ಪೊತ್ರೆರೊ ನದಿಗೆ ತಿರುಗಿದವು. ಹೀಗೆ ಒಂದು ಕಣಿವೆಯ ಅಪಾಯವು ಮತ್ತೊಂದು ಕಣಿವೆಯವರ ಪಾಲಿಗೆ ಬಂದಿತು. 1995ರ ಅಕ್ಟೋಬರ್ 1ರಂದು ಚಂಡಮಾರುತವೊಂದರ ಮಳೆಗೆ ಒಡ್ಡುಗಳನ್ನು ಮೀರಿ ಬಂದ ಕೆಸರು, ಪಟ್ಟಣಕ್ಕೆ ಸೇರಿದ ಕಬಲಾಂತಿಯಾನ್ ಎಂಬ ಹಳ್ಳಿಯನ್ನು ಹೂತುಬಿಟ್ಟಿತು. ನೂರಾರು ಜನರು ಮಡಿದರು. ಸ್ಫೋಟವಾಗಿ ಆಗಲೇ ನಾಲ್ಕು ವರ್ಷ ಕಳೆದಿತ್ತೆಂಬುದನ್ನು ನಾವು ಗಮನಿಸಬೇಕು.

ಅಲ್ಲಿಯ ಸಂತ ಗಿಲ್ಯೆರ್ಮೊ ಇಗರ್ಜಿಯು ಸುಮಾರು 6 ಮೀಟರ್, ಎಂದರೆ ಅರ್ಧದಷ್ಟು, ಹೂತುಹೋಯಿತು. ಊರಿನವರು ಅದನ್ನು ತೊರೆಯಲಿಲ್ಲ. ನೆಲವನ್ನು ಮೇಲಕ್ಕೇರಿಸಿ, ಕಿಟಕಿಗಳನ್ನೇ ಬಾಗಿಲುಗಳನ್ನಾಗಿ ಮಾಡಿಕೊಂಡು, ಪೂಜಾವೇದಿಕೆಯನ್ನು ಅಗೆದೆತ್ತಿ ಮತ್ತೆ ನಿಲ್ಲಿಸಿದರು.

ಆ ಬಳಿಕ ಸರ್ಕಾರವು ಭಾರಿಯಾದ ಒಡ್ಡನ್ನು ಕಟ್ಟಿಸಿತು. ಅದು ಕೆಳಗಿನ ಸಾನ್ ಫರ್ನಾಂಡೊ ನಗರವನ್ನು ಕಾಯುವಂಥದು. ಬಾಕೊಲೋರಿನ ಬಹುಭಾಗವಾದರೋ ಕೆಸರಿಗೆಂದು ಬಿಟ್ಟ ಒಡ್ಡಿನ ಒಳಗಡೆಯೇ ಉಳಿಯಿತು. ಅನೇಕರನ್ನು ರಕ್ಷಿಸಲು ಕೆಲವರ ಊರನ್ನು ಒಪ್ಪಿಸಬಹುದೇ? ಈ ಪ್ರಶ್ನೆಗೆ ಎಂಜಿನಿಯರುಗಳ ಲೆಕ್ಕವೊಂದೇ ಉತ್ತರವಾಗಲಾರದು.

ಪರ್ವತದ ಮೇಲೆ ಮಳೆಮಾಪಕಗಳನ್ನೂ, ಹೊನಲಿನಿಂದ ನೆಲ ನಡುಗುವುದನ್ನು ಅರಿಯುವ ಯಂತ್ರಗಳನ್ನೂ ಇಟ್ಟು ಕೆಳಗಿನವರಿಗೆ ಮುನ್ಸೂಚನೆ ಕೊಡುವುದು ಸಾಧ್ಯ. ಆದರೂ 2006ರ ನವೆಂಬರ್ 30ರಂದು ಅದೇ ದ್ವೀಪದ ಮಯೋನ್ ಪರ್ವತದ ಬುಡದಲ್ಲಿ, ಆ ವರ್ಷವೇ ಬಿದ್ದ ಬೂದಿಯೂ ಹಳೆಯ ರಾಶಿಗಳೂ ಚಂಡಮಾರುತದ ಮಳೆಗೆ ಹರಿದು ಬಂದು ನೂರಾರು ಜನರನ್ನು ಬಲಿ ತೆಗೆದುಕೊಂಡವು. ಸ್ಫೋಟದ ಆಯುಷ್ಯ ಕೆಲವು ದಿನಗಳು; ಬೂದಿಯ ಆಯುಷ್ಯ ಅನೇಕ ಮಳೆಗಾಲಗಳು. ಇಳಿಜಾರುಗಳಲ್ಲಿ ಮತ್ತೆ ಹಸುರು ಬೇರೂರಿ, ನದಿಗಳು ತಮ್ಮ ಹೊರೆಯನ್ನು ಸಾಗಿಸಿ ಮುಗಿಸುವವರೆಗೆ ಅಲ್ಲಿಯ ಜನರು ಪರ್ವತವನ್ನು ಕಾದಂತೆಯೇ ಮುಗಿಲನ್ನೂ ಕಾಯಬೇಕಾಗುತ್ತದೆ.