ಗಡಿಸೀಮೆಯ ಆತ್ಮರಕ್ಷಣೆ: ಕಿಶಿನೇವದಿಂದ ಉದಗೀರದವರೆಗೆ

1956ರ ನವೆಂಬರ್ 1ರಂದು ಜಾರಿಗೆ ಬಂದ ರಾಜ್ಯ ಪುನರ್‌ವಿಂಗಡಣೆಯ ಕಾಯಿದೆಯನ್ನು ಕಾಸರಗೋಡಿನ ಕನ್ನಡಿಗರು ಮರೆಯುವಂತಿಲ್ಲ. ಅದೇ ಕಾಯಿದೆ ನಮ್ಮ ಬಡಗಣ ತುದಿಯಲ್ಲಿ ಮಾಡಿದ್ದು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಿಲ್ಲ. ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯನ್ನು ಒಡೆದಾಗ ಉದಗೀರ, ನಿಲಂಗಾ, ಅಹಮದಪುರ ಎಂಬ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಉಮರ್ಗಾ ತಾಲೂಕು ಉಸ್ಮಾನಾಬಾದ ಜಿಲ್ಲೆಯ ಜೊತೆಗೇ ಆ ಕಡೆ ಉಳಿಯಿತು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಉದಗೀರ, ನಿಲಂಗಾ ಅದರೊಳಗೆ ಬಂದವು. ಉಸ್ಮಾನಾಬಾದಕ್ಕೆ ಈಗ ಧಾರಾಶಿವ ಎಂದು ಹೆಸರು. ನಿಜಾಮನ ಕಾಲಕ್ಕೆ ಶಾಲೆಯಲ್ಲಿ ಉರ್ದು, ಆಮೇಲೆ ಮರಾಠಿ. ಕನ್ನಡಕ್ಕೆ ಪಾಳಿ ಬಂದದ್ದು ಕಡಿಮೆ. ಆದರೂ ಈ ಸೀಮೆಯ ಎಷ್ಟೋ ಮನೆಗಳ ಅಡಿಗೆಮನೆಯ ಮಾತು ಕನ್ನಡವಾಗಿಯೇ ಉಳಿದಿದೆ.

ಈ ಸೀಮೆಯ ಹಿರಿಯರ ಬಾಯಲ್ಲಿ ಇತಿಹಾಸವೆಂದರೆ ಎರಡು ಅಧ್ಯಾಯಗಳು: ‘ರಜಾಕಾರರ ಹಾವಳಿ’ ಮತ್ತು ‘ಪೊಲೀಸ್ ಆ್ಯಕ್ಷನ್’. ನಾವು ಹೇಗೆ ನೊಂದೆವು ಎಂಬುದು ಮೊದಲನೆಯದು, ಪೌಜು ಬಂದು ಹೇಗೆ ಬಿಡಿಸಿತು ಎಂಬುದು ಎರಡನೆಯದು. ಮೂರನೆಯ ಅಧ್ಯಾಯವೊಂದಿದೆ. ಅದನ್ನು ಹೇಳುವಾಗ ದನಿ ತಗ್ಗುತ್ತದೆ, ಇಲ್ಲವೆ ಮಾತು ಬೇರೆ ಕಡೆ ತಿರುಗುತ್ತದೆ. ಅಪವಾದವೂ ಹಲ್ಲೆಯೂ ಒಟ್ಟಿಗೆ ಬಂದಾಗ ಒಂದು ಜನ ತನ್ನನ್ನು ಹೇಗೆ ಕಾಪಾಡಿಕೊಳ್ಳಬೇಕು, ಆ ಕಾಪಾಡಿಕೊಳ್ಳುವ ಕೆಲಸ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಆ ಮೂರನೆಯ ಅಧ್ಯಾಯವಿಲ್ಲದೆ ವಿಚಾರಿಸಲು ಬಾರದು.

ಜಗತ್ತಿನಲ್ಲಿ ಈ ಪ್ರಶ್ನೆಯೊಡನೆ ಎಲ್ಲರಿಗಿಂತ ಹೆಚ್ಚು ಕಾಲ ಹೆಣಗಿದವರು ಯೆಹೂದ್ಯರು. ಆದ್ದರಿಂದ ಅವರ ಕಥೆಯನ್ನು ಮೊದಲು ನೋಡಿ ನಮ್ಮ ಊರಿಗೆ ಬರುವುದು ಲೇಸು. ಎರಡನ್ನೂ ಸರಿತೂಗಿಸುವುದು ನನ್ನ ಉದ್ದೇಶವಲ್ಲ. ರಷ್ಯದ ಯೆಹೂದ್ಯರು ಸಂಖ್ಯೆಯಲ್ಲಿಯೂ ಕಡಿಮೆ, ಅಧಿಕಾರವಂತೂ ಇಲ್ಲ. ನಿಜಾಮನ ರಾಜ್ಯದ ಹಿಂದೂಗಳು ಬಹುಸಂಖ್ಯಾತರಾಗಿದ್ದೂ ಅಧಿಕಾರದಿಂದ ದೂರವಿದ್ದವರು. ಈ ಅಂತರ ಮುಂದೆ ಮುಖ್ಯವಾಗುತ್ತದೆ.

ಕಿಶಿನೇವ ಎಂಬುದು ಇಂದಿನ ಮಾಲ್ಡೋವಾ ದೇಶದ ರಾಜಧಾನಿ. 1903ರಲ್ಲಿ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಆ ವರ್ಷದ ಆರಂಭದಲ್ಲಿ ಹತ್ತಿರದ ದುಬೊಸ್ಸಾರಿ ಎಂಬ ಊರಿನಲ್ಲಿ ಒಬ್ಬ ಕ್ರೈಸ್ತ ಹುಡುಗನ ಹೆಣ ಸಿಕ್ಕಿತು. ಕೊಂದವನು ಅವನ ಸಂಬಂಧಿಕನೇ ಎಂದು ತನಿಖೆಯಲ್ಲಿ ಹೊರಬಿತ್ತು. ಆದರೆ ಅಷ್ಟರಲ್ಲಿ ಕ್ರುಶೆವಾನ್ ಎಂಬವನು ನಡೆಸುತ್ತಿದ್ದ ‘ಬೆಸ್ಸರಾಬೆತ್ಸ್’ ಪತ್ರಿಕೆ ಹಳೆಯ ಅಪವಾದವೊಂದನ್ನು ಮತ್ತೆ ಎತ್ತಿತ್ತು: ಯೆಹೂದ್ಯರು ತಮ್ಮ ಹಬ್ಬದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರೆ ಎಂಬುದು. ನೂರಾರು ವರ್ಷಗಳಿಂದ ಯುರೋಪಿನಲ್ಲಿ ತಿರುಗುತ್ತಿದ್ದ ಹಸಿ ಸುಳ್ಳು ಇದು. ಈಸ್ಟರ್ ಹಬ್ಬದ ಎರಡು ದಿನ ಊರಿನಲ್ಲಿ ಕೊಲೆ, ಸುಲಿಗೆ, ಅತ್ಯಾಚಾರ ನಡೆದವು. 49 ಜನ ಸತ್ತರು, ನೂರಾರು ಮನೆಗಳು ಹಾಳಾದವು. ಸುಳ್ಳು ಮೊದಲು ಬಂತು, ಬಡಿಗೆ ಆಮೇಲೆ ಬಂತು. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು.

ಒಡೆಸ್ಸಾದ ಯೆಹೂದಿ ವಿದ್ವಾಂಸರು ಬಿಯಾಲಿಕ್ ಎಂಬ ತರುಣ ಕವಿಯನ್ನು ಅಲ್ಲಿಗೆ ಕಳಿಸಿದರು. ಬದುಕಿ ಉಳಿದವರ ಹೇಳಿಕೆಗಳನ್ನು ಬರೆದುಕೊಂಡು ಬಾ ಎಂದರು. ಅವನು ವಾರಗಟ್ಟಲೆ ಅಲ್ಲಿ ತಿರುಗಿ ವಹಿಗಳನ್ನು ತುಂಬಿಸಿದ. ಆದರೆ ಲೋಕಕ್ಕೆ ಕೊಟ್ಟದ್ದು ವಹಿಗಳನ್ನಲ್ಲ, ಒಂದು ದೀರ್ಘ ಕವಿತೆಯನ್ನು. ಆ ಕವಿತೆಯಲ್ಲಿ ಹಲ್ಲೆಕೋರರ ಮೇಲಿನ ಸಿಟ್ಟಿಗಿಂತ, ಹೆಂಡಿರು ಮಕ್ಕಳನ್ನು ಬಿಟ್ಟು ಅಡಗಿದ ಗಂಡಸರ ಮೇಲಿನ ಸಿಟ್ಟು ಹೆಚ್ಚು. ಅದನ್ನು ಓದಿ ನಾಚಿದ ತರುಣರು ಊರೂರಲ್ಲಿ ರಕ್ಷಣಾ ದಳ ಕಟ್ಟಿದರು. ಅದೇ ವರ್ಷ ಗೋಮೆಲ್ ಎಂಬ ಊರಿನಲ್ಲಿ ಗುಂಪು ನುಗ್ಗಿದಾಗ ಯೆಹೂದ್ಯರು ಬಡಿಗೆ ಹಿಡಿದು ಎದುರು ನಿಂತರು. ಆಮೇಲೆ ನಡೆದ ಖಟ್ಲೆಯಲ್ಲಿ ಸರಕಾರ ಹಲ್ಲೆ ಮಾಡಿದವರ ಜೊತೆಗೆ ತಡೆದವರನ್ನೂ ಆರೋಪಿಗಳೆಂದು ನಿಲ್ಲಿಸಿತು! ಆತ್ಮರಕ್ಷಣೆಗೆ ಕೈಯೆತ್ತಿದವನು ಕೂಡಲೇ ‘ಇಬ್ಬರಲ್ಲೊಬ್ಬ ಗದ್ದಲಗಾರ’ ಆಗುವುದು ಎಲ್ಲ ದೇಶಗಳ ಕಚೇರಿ ಭಾಷೆಯಲ್ಲೂ ಇದೆ.

ಬಿಯಾಲಿಕ್‌ನ ವಹಿಗಳು ಅಚ್ಚಾದದ್ದು 1991ರಲ್ಲಿ, ಘಟನೆಯಾಗಿ 88 ವರ್ಷಗಳ ಬಳಿಕ. ಕಿಶಿನೇವದಲ್ಲಿಯೂ ಕೆಲವರು ಒಟ್ಟುಗೂಡಿ ಬಡಿಗೆ ಹಿಡಿದು ತಡೆಯಲು ಯತ್ನಿಸಿದ್ದರು, ಎಲ್ಲರೂ ಅಡಗಿರಲಿಲ್ಲ ಎಂಬುದು ಹೇಳಿಕೆಗಳಿಂದ ತಿಳಿಯಿತು. ಕವಿತೆ ಒಂದು ಪೀಳಿಗೆಯನ್ನು ಎಬ್ಬಿಸಿತು, ನಿಜ. ಆದರೆ ಸತ್ತವರ ಮೇಲೆಯೇ ಇನ್ನೊಂದು ಅಪವಾದ ಹೊರಿಸಿತೆಂಬುದೂ ನಿಜ. ಕವಿತೆಗಿಂತ ವಹಿ ದೊಡ್ಡದು ಎಂದು ಸಾಹಿತ್ಯ ವಾರ್ಷಿಕದಲ್ಲಿ ಬರೆಯುವುದು ಅಧಿಕಪ್ರಸಂಗವಾದೀತು. ಈ ಒಂದು ಪ್ರಸಂಗದಲ್ಲಿ ಮಾತ್ರ ನನಗೆ ಹಾಗೆಯೇ ಅನಿಸುತ್ತದೆ.

ಕ್ರುಶೆವಾನ್ ಸುಮ್ಮನಾಗಲಿಲ್ಲ. ಅದೇ 1903ರಲ್ಲಿ ಪೀಟರ್ಸ್‌ಬರ್ಗಿನ ತನ್ನ ಇನ್ನೊಂದು ಪತ್ರಿಕೆಯಲ್ಲಿ, ಯೆಹೂದಿ ಹಿರಿಯರು ಗುಟ್ಟಾಗಿ ಸೇರಿ ಲೋಕವನ್ನೇ ಆಳುವ ಹೂಟ ಹೂಡಿದ್ದಾರೆಂಬ ‘ದಾಖಲೆ’ಯನ್ನು ಕಂತುಗಳಲ್ಲಿ ಅಚ್ಚು ಹಾಕಿದ. ‘ಪ್ರೋಟೋಕಾಲ್ಸ್’ ಎಂದು ಕುಖ್ಯಾತವಾದ ಪುಸ್ತಕ ಇದೇ. 1921ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಫಿಲಿಪ್ ಗ್ರೇವ್ಸ್ ಇದರ ಬಣ್ಣ ಬಯಲು ಮಾಡಿದ. ಮೋರಿಸ್ ಜೋಲಿ ಎಂಬ ಫ್ರೆಂಚ್ ಲೇಖಕ 1864ರಲ್ಲಿ ಮೂರನೆಯ ನೆಪೋಲಿಯನ್ನನನ್ನು ಅಣಕಿಸಿ ಬರೆದ ಪುಸ್ತಕದಿಂದ ಪುಟಗಟ್ಟಲೆ ಕದ್ದು ಇದನ್ನು ಹೊಲಿದಿದ್ದರು. ಜೋಲಿಯ ಪುಸ್ತಕದಲ್ಲಿ ಯೆಹೂದ್ಯರ ಸುದ್ದಿಯೇ ಇಲ್ಲ! ಗ್ರೇವ್ಸ್ ಎರಡೂ ಪುಸ್ತಕಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. ಸ್ವಿಟ್ಜರ್‌ಲೆಂಡಿನ ಯೆಹೂದ್ಯರು ಬೆರ್ನ್ ನಗರದಲ್ಲಿ ಖಟ್ಲೆ ಹೂಡಿದರು, 1935ರಲ್ಲಿ ನ್ಯಾಯಾಲಯ ಇದು ಕೃತ್ರಿಮವೆಂದು ಹೇಳಿತು. 1937ರಲ್ಲಿ ಮೇಲಿನ ನ್ಯಾಯಾಲಯ ಕಾಯಿದೆಯ ಕಲಮು ಇಲ್ಲಿಗೆ ಅನ್ವಯಿಸದೆಂಬ ಕಾರಣದಿಂದ ಶಿಕ್ಷೆಯನ್ನು ರದ್ದು ಮಾಡಿತೇ ಹೊರತು ಪುಸ್ತಕ ಸಾಚಾ ಎನ್ನಲಿಲ್ಲ. ಇಷ್ಟಾದ ಮೇಲೂ ಹಿಟ್ಲರನ ಜರ್ಮನಿಯಲ್ಲಿ ಆ ಪುಸ್ತಕ ಮೆರೆಯಿತು. ಇಂದಿಗೂ ಅದನ್ನು ನಂಬುವವರಿದ್ದಾರೆ.

ಹಾಗಾದರೆ ಗ್ರೇವ್ಸ್ ಪಟ್ಟ ಪಾಡು ವ್ಯರ್ಥವೇ? ನಾನು ಹಾಗೆ ತಿಳಿಯುವುದಿಲ್ಲ. ದ್ವೇಷಿಸಲು ಮನಸ್ಸು ಮಾಡಿದವನಿಗೆ ಪುರಾವೆ ನಾಟುವುದಿಲ್ಲ. ಆದರೆ ಪಕ್ಕದಲ್ಲಿ ನಿಂತು ಕೇಳುವವನೊಬ್ಬನಿರುತ್ತಾನೆ. ಅವನು ಇನ್ನೂ ಯಾವ ಕಡೆಯೂ ವಾಲಿರುವುದಿಲ್ಲ. ಅಪವಾದಕ್ಕೆ ಕೊಡುವ ಉತ್ತರ ಅವನಿಗಾಗಿ. ‘ನೀವೂ ಹಾಗೆಯೇ’ ಎಂದು ತಿರುಗಿ ಬೈದರೆ ಅವನ ಕಣ್ಣಿಗೆ ಇಬ್ಬರೂ ಬೈಯುವವರಾಗಿ ಕಾಣುತ್ತಾರೆ. ಸಾಲಿಗೆ ಸಾಲು ಇಟ್ಟು ತೋರಿಸಿದರೆ ಮಾತ್ರ ಒಬ್ಬ ಸುಳ್ಳುಗಾರ, ಒಬ್ಬ ಅಲ್ಲ ಎಂದು ತಿಳಿಯುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಉದಗೀರ, ಉಮರ್ಗಾ ಭಾಗದಲ್ಲಿ 1930ರ ದಶಕದಲ್ಲಿ ಆರ್ಯಸಮಾಜ ಬಲಗೊಂಡಿತು. ಹಳ್ಳಿಖೇಡದ ಸಹೋದರರಾದ ಬನ್ಸಿಲಾಲ್ ಮತ್ತು ಶ್ಯಾಮಲಾಲ್ ಅದರ ಮುಂದಾಳುಗಳು. ಶ್ಯಾಮಲಾಲರು ಉದಗೀರದಲ್ಲಿ ವಕೀಲಿ ಮಾಡುತ್ತಿದ್ದರು. ಸಭೆಗೆ, ಖಾಸಗಿ ಶಾಲೆಗೆ, ತಾಲೀಮಿಗೆ (ಕರಾವಳಿಯವರು ಗರಡಿಮನೆ ಎನ್ನುವುದೇ ನಮ್ಮ ಕಡೆಯ ತಾಲೀಮು) ಸರಕಾರದ ಪರವಾನಗಿ ಬೇಕಾಗಿದ್ದ ಕಾಲ ಅದು. 1938ರಲ್ಲಿ ಉಮರ್ಗಾ ತಾಲೂಕಿನ ಗುಂಜೋಟಿಯಲ್ಲಿ ವೇದಪ್ರಕಾಶ ಎಂಬ ಆರ್ಯಸಮಾಜಿ ತರುಣನ ಕೊಲೆಯಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಶ್ಯಾಮಲಾಲರು ಬೀದರ ಜೈಲಿನಲ್ಲಿ ತೀರಿಕೊಂಡರು. ಉದಗೀರದ ವಿದ್ಯಾಸಂಸ್ಥೆ ಅವರ ಹೆಸರನ್ನು ಹೊತ್ತಿದೆ. ಆರ್ಯಸಮಾಜದ ಕೆಲವು ಪ್ರಚಾರಕರ ಖಂಡನ ಭಾಷಣಗಳೂ ಕಹಿಯಾಗಿಯೇ ಇದ್ದವು. ಕಹಿಯನ್ನು ಬಿತ್ತಿದವರು ಒಂದೇ ಕಡೆಯವರೆಂದರೆ ಲೆಕ್ಕ ತಪ್ಪುತ್ತದೆ.

1938ರ ಆ ಕೊನೆಯ ತಿಂಗಳುಗಳಲ್ಲಿ ಒಂದು ಕಾಕತಾಳೀಯವಿದೆ. ಅಕ್ಟೋಬರದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಶುರುವಾಯಿತು. ಗಾಂಧೀಜಿಯ ಸಲಹೆಯಂತೆ ಡಿಸೆಂಬರದಲ್ಲಿ ನಿಂತಿತು. ನಡುವೆ ನವೆಂಬರ್ 9ರ ರಾತ್ರಿ ಜರ್ಮನಿಯುದ್ದಕ್ಕೂ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಬಿತ್ತು. ನವೆಂಬರ್ 26ರ ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿ ಜರ್ಮನಿಯ ಯೆಹೂದ್ಯರಿಗೂ ಸತ್ಯಾಗ್ರಹವನ್ನೇ ಸೂಚಿಸಿದರು. ಜರ್ಮನಿಯಿಂದ ಜೆರೂಸಲೇಮಿಗೆ ಹೋಗಿ ನೆಲೆಸಿದ್ದ ತತ್ವಜ್ಞಾನಿ ಮಾರ್ಟಿನ್ ಬೂಬರ್ 1939ರ ಫೆಬ್ರವರಿಯಲ್ಲಿ ಅವರಿಗೆ ಕಾಗದ ಬರೆದು, ವಿನಯದಿಂದಲೇ ಒಂದು ತೊಡಕನ್ನು ಮುಂದಿಟ್ಟರು. ನೋಡುವ ಕಣ್ಣು, ಒಪ್ಪುವ ಸಾಕ್ಷಿ ಇಲ್ಲದ ಕಡೆ ಬಲಿದಾನ ಯಾರನ್ನು ತಟ್ಟೀತು ಎಂಬುದು ಅದರ ತಿರುಳು.

ನಮ್ಮ ಸೀಮೆಯ ಹತ್ತು ವರ್ಷಗಳು ಬೂಬರರ ಆ ಮಾತಿಗೆ ಟೀಕೆ ಬರೆದಂತಿವೆ. 1938ರ ಡಿಸೆಂಬರದಲ್ಲಿ ಸೊಲ್ಲಾಪುರದಲ್ಲಿ ಅಣೆಯವರ ಅಧ್ಯಕ್ಷತೆಯಲ್ಲಿ ಆರ್ಯರ ಸಮ್ಮೇಳನ ಸೇರಿತು. 1939ರಲ್ಲಿ ಸಾವಿರಾರು ಜನ ಗಡಿ ದಾಟಿ ನಿಜಾಮನ ಜೈಲು ತುಂಬಿದರು. ಆಗಸ್ಟಿನಲ್ಲಿ ಒಪ್ಪಂದವಾಯಿತು. ಅದು ಕೈಗೂಡಿದ್ದು ಸೊಲ್ಲಾಪುರ ಗಡಿಯಾಚೆ ಇದ್ದುದರಿಂದ. ಅಲ್ಲಿ ಪತ್ರಿಕೆಗಳಿದ್ದವು, ರೈಲಿತ್ತು, ನೋಡುವ ಕಣ್ಣುಗಳಿದ್ದವು. 1948ರ ಮೇ 9ರಂದು ನಿಲಂಗಾ ಸೀಮೆಗೆ ಹತ್ತಿರದ ಗೋರ್ಟಾ ಎಂಬ ಕನ್ನಡ ಹಳ್ಳಿಗೆ ರಜಾಕಾರರು ನುಗ್ಗಿದಾಗ ಅದೊಂದೂ ಇರಲಿಲ್ಲ. ಸತ್ತವರು ಇನ್ನೂರರಷ್ಟು ಎನ್ನುತ್ತಾರೆ. ಆ ಊರಿನಲ್ಲಿ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ.

ರಜಾಕಾರರ ಮುಖಂಡ ಕಾಸಿಂ ರಜ್ವಿ ಲಾತೂರಿನಲ್ಲಿ ವಕೀಲನಾಗಿದ್ದವನು, ನಮ್ಮ ನೆರೆಯವನೇ. ಹಿಂದೂಗಳೆಲ್ಲ ದಿಲ್ಲಿಯ ಗೂಢಚಾರರು ಎಂಬ ಅಪವಾದ ಅವನ ಕಡೆಯ ಭಾಷಣಗಳ ಬಂಡವಾಳ. ಹಳ್ಳಿಗಳಲ್ಲಿ ಜನ ರಾತ್ರಿ ಪಹರೆ ಕೂತರು, ಕವಣೆಗಲ್ಲು, ಬಡಿಗೆ, ಕೆಲವೆಡೆ ಬಂದೂಕು ಹಿಡಿದರು. ಹಲವರು ಗಡಿ ದಾಟಿ ಶಿಬಿರಗಳಿಗೆ ಹೋದರು. ಅದು ಆತ್ಮರಕ್ಷಣೆ, ಅದರ ಬಗ್ಗೆ ಎರಡು ಮಾತಿಲ್ಲ. ಸಪ್ಟಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ ದಾರಿಯಾಗಿ ಹೊರಟಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು.

ಮುಗಿಯಿತು ಎಂದೆನಲ್ಲ, ಮೂರನೆಯ ಅಧ್ಯಾಯ ಅಲ್ಲಿಂದಲೇ ಶುರು. ರಜಾಕಾರರು ಓಡಿಹೋದ ಮೇಲೆ ‘ಮುಸಲ್ಮಾನರೆಲ್ಲ ರಜಾಕಾರರೇ’ ಎಂಬ ಮಾತು ಊರೂರು ತಿರುಗಿತು. ಕ್ರುಶೆವಾನನ ಪತ್ರಿಕೆಯ ವ್ಯಾಕರಣವೂ ಇದೇ: ಒಬ್ಬನ ಹೆಸರು ಇರಬೇಕಾದಲ್ಲಿ ಒಂದು ಜನಾಂಗದ ಹೆಸರು. ಈ ಮಾತು ಸುಳ್ಳೆಂದು ತಿಳಿಯಲು ದೂರ ಹೋಗಬೇಕಾಗಿರಲಿಲ್ಲ. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೇಬುಲ್ಲಾ ಖಾನ್ ರಜಾಕಾರರ ವಿರುದ್ಧ ಬರೆದದ್ದಕ್ಕಾಗಿಯೇ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾಗಿದ್ದರು. ಆದರೆ ಆಗ ಕೇಳುವವರು ಯಾರು? ಬಡಿಗೆಯ ಕೆಲಸ ತೀರಿದ ಮೇಲೆಯೂ ಬಡಿಗೆ ಕೆಳಗಿಳಿಯಲಿಲ್ಲ. ನೇಗಿಲು ಹಿಡಿದವನು, ಬಳೆ ಮಾರುವವನು, ಮಗ್ಗದವನು ಯಾರದೋ ಪಾಪಕ್ಕೆ ತಲೆಕೊಟ್ಟರು. ಬಹುಸಂಖ್ಯೆಯವರ ಕೈಗೆ ಅಧಿಕಾರ ಬಂದ ಮೇಲೆ ಅದೇ ಬಡಿಗೆಗೆ ಆತ್ಮರಕ್ಷಣೆ ಎಂದು ಹೆಸರಿಡಲು ಬಾರದು.

ಪ್ರಧಾನಿ ನೆಹರೂ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಕಳಿಸಿದರು. ಅವರು ನವೆಂಬರ್ ಕೊನೆಯಿಂದ ಡಿಸೆಂಬರದ ಮೂರನೆಯ ವಾರದವರೆಗೆ ಊರೂರು ಸುತ್ತಿ ಹೇಳಿಕೆ ಬರೆದುಕೊಂಡರು. ಸೇನೆ ಬಂದಾಗ ಮತ್ತು ಬಂದ ಬಳಿಕ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರೆಂದು ಅವರ ಅಂದಾಜು. ಎಲ್ಲಕ್ಕಿಂತ ಹೆಚ್ಚು ನಷ್ಟವಾದ ನಾಲ್ಕು ಜಿಲ್ಲೆಗಳ ಹೆಸರು ಹೇಳುತ್ತಾರೆ: ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲಿಯೇ 18,000ಕ್ಕೆ ಕಡಿಮೆಯಿಲ್ಲ. ಉದಗೀರ, ನಿಲಂಗಾ ಆಗ ಬೀದರದಲ್ಲಿದ್ದವು, ಉಮರ್ಗಾ ಉಸ್ಮಾನಾಬಾದದಲ್ಲಿ. ರಜಾಕಾರರ ಅತ್ಯಾಚಾರಗಳನ್ನು ಆ ವರದಿ ಮರೆಮಾಚಿಲ್ಲ. ಸರಕಾರ ಮಾತ್ರ ವರದಿಯನ್ನು ಹೊರಗೆ ಬಿಡಲಿಲ್ಲ. ಜನರಿಗೆ ಅದು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ನೋಡಲು ಸಿಕ್ಕಿದ್ದು 2013ರಲ್ಲಿ, 65 ವರ್ಷಗಳ ಬಳಿಕ. ಬಿಯಾಲಿಕ್‌ನ ವಹಿಗಳಂತೆ ಇದೂ ಪೆಟ್ಟಿಗೆಯಲ್ಲಿ ಮುದಿಯಾಯಿತು.

ವರದಿ ಪೆಟ್ಟಿಗೆಯಲ್ಲಿದ್ದುದರಿಂದ ಯಾರಿಗೆ ಲಾಭವಾಯಿತು? ಸತ್ತವರ ಸಂಖ್ಯೆಯನ್ನು ಲಕ್ಷಗಟ್ಟಲೆ ಏರಿಸುವವರಿಗೂ, ಏನೂ ನಡೆದೇ ಇಲ್ಲ ಎನ್ನುವವರಿಗೂ. ಗೋರ್ಟಾದ ಬಗೆಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಮಗೆ ಉರಿಯುತ್ತದೆ, ಉರಿಯಲೇಬೇಕು. ಅದಕ್ಕೆ ಉತ್ತರ ಕೊಡುವವನ ಕೈಯಲ್ಲಿ ಅದೇ ವರ್ಷದ ಅಕ್ಟೋಬರದ ಲೆಕ್ಕವೂ ಇರಬೇಕು. ಇಲ್ಲದಿದ್ದರೆ ಪಕ್ಕದಲ್ಲಿ ನಿಂತು ಕೇಳುವವನು ಅವನ ಮೊದಲ ಲೆಕ್ಕವನ್ನೂ ನಂಬುವುದಿಲ್ಲ. ಇದು ನಮಗೆ ಬೇರೆಯವರ ಗೋಜಲ್ಲ. ಗಡಿ ತಂಟೆ ಎದ್ದಾಗಲೆಲ್ಲ ‘ಕನ್ನಡದವರೆಲ್ಲ ಆ ಕಡೆಯವರು’ ಎಂಬ ಮಾತು ಕೇಳಿ ಬೆಳೆದವರು ನಾವು. ‘ಎಲ್ಲ’ ಎಂಬ ಎರಡಕ್ಷರದ ಭಾರ ನಮಗೆ ಗೊತ್ತು.

ಈ ವಾರ್ಷಿಕದ ಮಲಯಾಳಂ ಓದುಗರಿಗೆ ಮಟ್ಟಾಂಚೇರಿಯ ಯೆಹೂದಿ ಬೀದಿಯನ್ನು ಪರಿಚಯಿಸಬೇಕಾಗಿಲ್ಲ. 1524ರಲ್ಲಿ ಕೊಡುಂಗಲ್ಲೂರಿನ ಯೆಹೂದ್ಯರ ಮೇಲೆ ದಾಳಿಯಾದಾಗ ಅವರು ಕೊಚ್ಚಿಗೆ ಓಡಿ ಬಂದರು. ಕೊಚ್ಚಿಯ ಅರಸ ತನ್ನ ಅರಮನೆಯ ಮಗ್ಗುಲಲ್ಲಿಯೇ ಜಾಗ ಕೊಟ್ಟ. 1568ರಲ್ಲಿ ಅಲ್ಲಿ ಅವರ ಪ್ರಾರ್ಥನಾಮಂದಿರ ಎದ್ದಿತು. 1662ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಹಚ್ಚಿದರು, ಡಚ್ಚರು ಬಂದ ಮೇಲೆ ಮತ್ತೆ ಕಟ್ಟಿಕೊಂಡರು. ಅಲ್ಲಿ ಯೆಹೂದ್ಯರನ್ನು ಕಾದದ್ದು ಅವರ ಬಡಿಗೆಯಲ್ಲ, ನೆರೆಯ ಗೋಡೆ.

ಅಂಥ ಗೋಡೆ ನಮ್ಮ ಸೀಮೆಯಲ್ಲಿಯೂ ಇತ್ತು. ಸುಂದರಲಾಲರ ವರದಿಯಲ್ಲಿ ಕೊಲೆಗಳ ಲೆಕ್ಕದ ಬಳಿಕ ಕೆಲವೇ ಸಾಲುಗಳಲ್ಲಿ ಈ ಸಂಗತಿ ಬರುತ್ತದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮ ಜೊತೆ ಮಗ್ಗದ ಮೇಲೆ ಕೂರುತ್ತಿದ್ದ ಮುಸಲ್ಮಾನ ನೇಕಾರರನ್ನು ಹಿಂದೂ ಗುಂಪುಗಳಿಂದ ಕಾಪಾಡಿದರು. ಹಾಗೆ ಅಡ್ಡ ನಿಂತವರಲ್ಲಿ ಜೀವ ಕಳೆದುಕೊಂಡವರೂ ಇದ್ದರು. ವರದಿ ಅವರನ್ನು ಗುರುತಿಸುವುದು ಕಸುಬಿನಿಂದ: ನೇಕಾರರು.